ಹುಳುಮನೆಯ ಬಾಗಿಲಲ್ಲಿ ಪವಿತ್ರ ಗುರುವಾರ

ಈಸ್ಟರ್ ಹಬ್ಬಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರ, ದೇವಾಲಯದಲ್ಲಿ ಪೂಜೆ ಮುಗಿದ ಮೇಲೆ ಫಾದರ್ ಎಲಿಯಾಸ್ ಒಂದು ಸ್ಟೀಲ್ ಡಬ್ಬಿಗೆ ಕೈ ಹಾಕಿ ಹನ್ನೆರಡು ಚೀಟಿ ಎತ್ತಿದರು. ಹನ್ನೊಂದನೆಯ ಚೀಟಿಯಲ್ಲಿ ಇನ್ನಾಸಪ್ಪನ ಹೆಸರಿತ್ತು.

ಯೇಸು ಸ್ವಾಮಿ ಕಡೆಯ ಊಟದ ದಿನ ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ತಮ್ಮ ಶಿಷ್ಯರ ಕಾಲು ತೊಳೆದರಲ್ಲ, ಅದರ ನೆನಪಿಗೆ ಪವಿತ್ರ ಗುರುವಾರದ ಪೂಜೆಯಲ್ಲಿ ಫಾದರ್ ಊರಿನ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಆ ಊರಿನಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಪಂಚಾಯ್ತಿ ಮೆಂಬರ್ ಆದವರೂ ಚೀಟಿ ಡಬ್ಬಿಯ ಮುಂದೆ ಕೈಕಟ್ಟಿ ನಿಲ್ಲುತ್ತಾರೆ. ಐವತ್ತೆಂಟು ವರ್ಷದ ಇನ್ನಾಸಪ್ಪನ ಹೆಸರು ಒಂದು ಸಲವೂ ಬಂದಿರಲಿಲ್ಲ. ಈಗ ಬಂತು. ಅವನು ಖುಷಿಯಲ್ಲಿ ಪೂಜೆಯಲ್ಲಿ ಪಕ್ಕದವನಿಗೆ ಕೊಟ್ಟಿದ್ದ ಗರಿಯನ್ನೂ ಎತ್ತಿಕೊಂಡು ಮನೆಗೆ ಬಂದ.

ಬಂದವನು ಜಗಲಿಯ ಮೇಲೆ ಕೂತು ತನ್ನ ಕಾಲು ನೋಡಿಕೊಂಡ. ಮೂವತ್ತು ವರ್ಷ ಹಿಪ್ಪುನೇರಳೆ ತೋಟದ ಮಣ್ಣು ತುಳಿದ ಕಾಲು. ಹಿಮ್ಮಡಿಯ ಬಿರುಕಿನಲ್ಲಿ ನಾಲ್ಕಾಣೆ ಬಿಲ್ಲೆ ನಿಲ್ಲಿಸಬಹುದಿತ್ತು.

ಅಂದಿನಿಂದ ಶುರುವಾಯಿತು ನೋಡಿ ಕಾಲಿನ ಸೇವೆ. ಬೆಳಿಗ್ಗೆ ಬಿಸಿನೀರು, ಸಂಜೆ ಕೊಬ್ಬರಿ ಎಣ್ಣೆ, ಮಧ್ಯೆ ಕಲ್ಲಿನಿಂದ ಉಜ್ಜುವುದು. ಪೇಟೆಯಿಂದ ಗಂಧದ ಸೋಪು ತರಿಸಿದ. ಅವನ ಹೆಂಡತಿ ಲೂರ್ದಮ್ಮ ಎರಡು ದಿನ ಸುಮ್ಮನೆ ನೋಡಿದಳು, ಮೂರನೆಯ ದಿನ ತಡೆಯಲಾಗಲಿಲ್ಲ.

"ಅಲ್ಲ ಕಣ್ರೀ, ಕಾಲು ತೊಳೆಯೋರು ಫಾದರ್ ತಾನೇ? ನೀವೇ ಇಷ್ಟು ತೊಳೆದ್ರೆ ಅವರಿಗೇನು ಉಳೀತದೆ?"

"ನಿಂಗೇನು ಗೊತ್ತು? ಅವರು ಆಮೇಲೆ ಪಾದಕ್ಕೆ ಮುತ್ತು ಕೊಡ್ತಾರೆ. ಕೊಳಕು ಕಾಲು ಚಾಚಕ್ಕಾಯ್ತದಾ?" ಎಂದು ಇನ್ನಾಸಪ್ಪ ಮತ್ತೆ ಕಲ್ಲು ಎತ್ತಿಕೊಂಡ.

ಇಷ್ಟು ಉಜ್ಜಿದರೂ ಹೋಗದ ಒಂದು ಕೊಳೆ ಆ ಕಾಲಿನಲ್ಲಿತ್ತು. ಅದು ಅವನಿಗೂ ಗೊತ್ತಿತ್ತು.

ಅವನ ಮನೆಯ ಗೋಡೆಗೆ ಒತ್ತಿಕೊಂಡೇ ಅವನ ಅತ್ತಿಗೆಯ ಮನೆ. ತೆರೇಜಮ್ಮ ಎಂದು ಹೆಸರು; ಸತ್ತುಹೋದ ಅಣ್ಣನ ಹೆಂಡತಿ. ಇನ್ನಾಸಪ್ಪನಿಗೆ ಒಂಬತ್ತು ವರ್ಷವಿದ್ದಾಗ ಮದುವೆಯಾಗಿ ಬಂದವಳು, ಅವನ ತಲೆಗೆ ಎಣ್ಣೆ ಹಚ್ಚಿ ಸ್ಕೂಲಿಗೆ ಕಳಿಸಿದವಳು. ಅಣ್ಣ ಹೋದ ಮೇಲೂ ಒಬ್ಬಳೇ ರೇಷ್ಮೆ ಸಾಕಿ ಮಗಳನ್ನು ಓದಿಸಿ ಮದುವೆ ಮಾಡಿಕೊಟ್ಟಿದ್ದಳು. ರೇಷ್ಮೆ ಹುಳು ಸಾಕುವುದರಲ್ಲಿ ಅವಳನ್ನು ಮೀರಿಸುವವರು ಆ ಊರಿನಲ್ಲಿ ಇರಲಿಲ್ಲ, ಸ್ವಚ್ಛತೆಯಲ್ಲಂತೂ ಕೇಳಲೇಬೇಡಿ. ಅವಳ ಹುಳುಮನೆಯ ಹೊಸ್ತಿಲಲ್ಲಿ ಸದಾ ಒಂದು ಬೋಗುಣಿಯಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿರುತ್ತಿತ್ತು. ಅದರಲ್ಲಿ ಕಾಲು ತೊಳೆಯದೆ ಗವರ್ನರ್ ಬಂದರೂ ಒಳಗೆ ಬಿಡುತ್ತಿರಲಿಲ್ಲ. ರೇಷ್ಮೆ ಹುಳು ಅಷ್ಟು ಸೂಕ್ಷ್ಮ. ಒಂದು ಮನೆಯ ರೋಗ ಇನ್ನೊಂದು ಮನೆಗೆ ಮನುಷ್ಯರ ಕಾಲಿನಲ್ಲೇ ನಡೆದು ಬರುತ್ತದೆ.

ಆರು ವರ್ಷದ ಹಿಂದೆ ಹಾಗೆಯೇ ನಡೆದು ಬಂತು. ಇನ್ನಾಸಪ್ಪನ ಹುಳುವಿಗೆ ಹಾಲುತೊಂಡೆ ಬಿದ್ದಿತ್ತು. ಆ ರೋಗ ಬಂದರೆ ಹುಳು ಊದಿಕೊಂಡು, ಚರ್ಮ ಒಡೆದು, ಹಾಲಿನಂಥ ನೀರು ಸೋರಿ ಸಾಯುತ್ತದೆ. ಅವನು ಸತ್ತ ಹುಳುಗಳನ್ನು ಗುಂಡಿಗೆ ಸುರಿದು ಬರುತ್ತಿದ್ದಾಗ ಅತ್ತಿಗೆ ಗೋಡೆಯಾಚೆಯಿಂದ ಕೂಗಿದಳು, ಹುಳದ ತಟ್ಟೆ ಇಡುವ ಸ್ಟ್ಯಾಂಡು ವಾಲುತ್ತಿದೆ, ಬೇಗ ಬಂದು ಹಿಡಿ ಎಂದು. ಇನ್ನಾಸಪ್ಪ ಓಡಿದ. ಅವಸರದಲ್ಲಿ ಬೋಗುಣಿಯನ್ನು ದಾಟಿಕೊಂಡೇ ಒಳಗೆ ಹೋದ. ನಾಲ್ಕನೆಯ ದಿನಕ್ಕೆ ಅವಳ ಹುಳುಗಳೂ ಊದಿಕೊಂಡವು. ಇಡೀ ಬೆಳೆಯನ್ನು ಅವಳು ತನ್ನ ಕೈಯಾರೆ ಮಣ್ಣು ಮಾಡಿದಳು.

ಆ ಭಾನುವಾರ ದೇವಾಲಯದ ಮೆಟ್ಟಿಲ ಮೇಲೆ, ಹತ್ತು ಜನರ ಎದುರಿಗೆ ಅವಳು ಕೇಳಿದಳು: "ಅವತ್ತು ಕಾಲು ತೊಳ್ಕೊಂಡು ಬಂದಿದ್ದಾ?"

ಇನ್ನಾಸಪ್ಪ ಹತ್ತು ಜನರ ಮುಖ ನೋಡಿದ. "ದೇವರಾಣೆ ತೊಳ್ದಿದ್ದೆ" ಎಂದುಬಿಟ್ಟ.

ತೆರೇಜಮ್ಮ ತಲೆ ಮೇಲೆ ಸೆರಗು ಎಳೆದುಕೊಂಡು ಒಳಗೆ ಹೋದಳು. ಅಲ್ಲಿಂದ ಮಾತು ನಿಂತಿತು. ಲೂರ್ದಮ್ಮ ಮಾತ್ರ ಗೋಡೆ ಮೇಲಿಂದ ಸಾರು ಪಲ್ಯ ದಾಟಿಸುತ್ತಿದ್ದಳು. ಇನ್ನಾಸಪ್ಪ ಈ ಸುಳ್ಳನ್ನು ಪಾಪನಿವೇದನೆಯಲ್ಲಿ ಮೂರು ಜನ ಫಾದರ್‌ಗಳಿಗೆ ಹೇಳಿಕೊಂಡಿದ್ದ. ಮೂವರೂ ಕ್ಷಮೆ ಕೊಟ್ಟು, "ಹೋಗಿ ಆಯಮ್ಮನಿಗೂ ಹೇಳಪ್ಪ" ಎಂದಿದ್ದರು. ಅವನು ಕ್ಷಮೆಯನ್ನು ಜೇಬಿಗೆ ಹಾಕಿಕೊಂಡು ಬಂದ, ಬುದ್ಧಿಮಾತನ್ನು ಅಲ್ಲೇ ಬಿಟ್ಟು ಬಂದ. ನಾವೆಲ್ಲ ಮಾಡುವುದೂ ಸಾಮಾನ್ಯವಾಗಿ ಹಾಗೆಯೇ.

ಪವಿತ್ರ ಗುರುವಾರ ಬಂತು. ಆ ದಿನ ಮಧ್ಯಾಹ್ನದ ಮೇಲೆ ಊರಿನಲ್ಲಿ ಯಾರೂ ಕೆಲಸ ಮುಟ್ಟುವುದಿಲ್ಲ, ಕೂಲಿಗೂ ಯಾರೂ ಸಿಗುವುದಿಲ್ಲ. ರೇಷ್ಮೆ ಸಾಕುವವರೆಲ್ಲ ಲೆಕ್ಕ ಹಾಕಿ, ಗುರುವಾರ ಶುಕ್ರವಾರ ಹುಳು ಹಣ್ಣಾಗದಂತೆ ನೋಡಿಕೊಂಡಿರುತ್ತಾರೆ. ಐದು ಗಂಟೆಗೆ ಪೂಜೆ. ಇನ್ನಾಸಪ್ಪ ಮೂರಕ್ಕೇ ಬಿಳಿ ಪಂಚೆ ಉಟ್ಟು, ಕಾಲಿಗೆ ಧೂಳು ತಾಗದಿರಲೆಂದು ಎರಡೂ ಪಾದಗಳನ್ನು ಮಣೆಯ ಮೇಲೆ ಇಟ್ಟುಕೊಂಡು, ಜಗಲಿಯಲ್ಲಿ ಮದುವೆ ಗಂಡಿನ ಹಾಗೆ ಕೂತಿದ್ದ.

ಹಿತ್ತಲಿನಿಂದ ಲೂರ್ದಮ್ಮ ಓಡಿ ಬಂದಳು. "ರೀ, ತೆರೇಜಕ್ಕನ ಹುಳುವೆಲ್ಲಾ ಹಣ್ಣಾಗ್ಬಿಟ್ಟಿವೆ!"

"ಶನಿವಾರಕ್ಕೆ ತಾನೇ ಆಗ್ಬೇಕಿದ್ದಿದ್ದು?"

"ಈ ಬಿಸಿಲಿಗೆ ಎರಡು ದಿನ ಮುಂಚೇನೇ ಆಗ್ಬಿಟ್ಟಿವೆ. ಅದರ ಮೇಲೆ ಅಕ್ಕ ಬೆಳಿಗ್ಗೆ ತೋಟದಲ್ಲಿ ಸೊಪ್ಪು ಕುಯ್ಯೋವಾಗ ಬಿದ್ದು ಕಾಲು ಉಳುಕಿಸಿಕೊಂಡವ್ರೆ. ಹೊಸ್ತಿಲ ಹತ್ರ ಕೂತವ್ರೆ, ಏಳಕ್ಕಾಗ್ತಿಲ್ಲ. ಯಾರನ್ನೂ ಕರೆದೂ ಇಲ್ಲ."

ಹುಳು ಹಣ್ಣಾಯಿತು ಎಂದರೆ ಮೈ ಪಾರದರ್ಶಕವಾಗಿ, ಹಳದಿ ಬಣ್ಣಕ್ಕೆ ತಿರುಗಿ, ಸೊಪ್ಪು ಬಿಟ್ಟು ತಲೆಯೆತ್ತಿ ನೂಲು ಸುತ್ತಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಕೈಯಲ್ಲಿ ಆರಿಸಿ ಚಂದ್ರಿಕೆಗೆ, ಅಂದರೆ ಬಿದಿರಿನ ಸುರುಳಿ ತಟ್ಟೆಗೆ ಬಿಡಬೇಕು. ತಡವಾದರೆ ಅದು ಕಸದಲ್ಲೇ ನೂಲು ಬಿಡುತ್ತದೆ, ಗೂಡು ಕೆಡುತ್ತದೆ. ತಿಂಗಳಿಡೀ ಮಗುವಿನ ಹಾಗೆ ಸಾಕಿದ್ದು ಒಂದು ಸಂಜೆಯಲ್ಲಿ ಕಸವಾಗುತ್ತದೆ.

"ನೀನು ಹೋಗು" ಎಂದ ಇನ್ನಾಸಪ್ಪ.

ಅವಳು ಹೋದಳು. ಅರ್ಧ ಗಂಟೆಗೆ ಬೆವರು ಒರೆಸಿಕೊಳ್ಳುತ್ತಾ ವಾಪಸ್ ಬಂದಳು. "ನನ್ನೊಬ್ಬಳ ಕೈಲಾಗಲ್ಲ. ಇಪ್ಪತ್ತು ತಟ್ಟೆ ಹುಳು ಇವೆ. ಅಕ್ಕ ಅಳ್ತಾ ಇಲ್ಲ, ಬಾಯಿ ಬಿಡ್ತಾ ಇಲ್ಲ. ಸುಮ್ನೆ ನೋಡ್ತಾ ಕೂತವ್ರೆ. ಅದನ್ನ ನನ್ನ ಕೈಲಿ ನೋಡಕ್ಕಾಗಲ್ಲ."

ಇನ್ನಾಸಪ್ಪ ತನ್ನ ಪಾದ ನೋಡಿಕೊಂಡ. ಬೆಳ್ಳಗೆ, ಮೆತ್ತಗೆ, ಗಮಗಮ ಎನ್ನುತ್ತಿದ್ದವು. ಹನ್ನೊಂದನೆಯ ಕುರ್ಚಿ ನೆನಪಾಯಿತು. ಮೈಕಿನಲ್ಲಿ ಹೆಸರು ಕೂಗುತ್ತಾರೆ, ಪೂಜೆಯ ಹೊತ್ತಿಗೆ ಪೇಟೆಯಿಂದ ಬರುವ ಮಗ ಫೋಟೋ ತೆಗೆಯುತ್ತೇನೆ ಎಂದಿದ್ದಾನೆ. ಮುಂದಿನ ಸಲ ಚೀಟಿ ಬರುವಾಗ ತಾನು ಇರುತ್ತೇನೋ ಇಲ್ಲವೋ ಎಂದೂ ಅನ್ನಿಸಿತು. ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಒಂದು ಸಲ ಈ ಕಾಲು ಒಳಗೆ ಹೋದದ್ದರಿಂದ ಅವಳ ಬೆಳೆ ಹಾಳಾಯಿತು. ಇವತ್ತು ಇದೇ ಕಾಲು ಒಳಗೆ ಹೋಗದಿದ್ದರೆ ಬೆಳೆ ಹಾಳಾಗುತ್ತದೆ. ಮುತ್ತಿಡಲು ಫಾದರ್ ಬಗ್ಗಿದಾಗ ತಾನು ಯಾವ ಮುಖ ಇಟ್ಟುಕೊಂಡು ಮೇಲೆ ಕೂತಿರಬೇಕು?

ಮಣೆಯಿಂದ ಕಾಲು ಕೆಳಗಿಟ್ಟ. ಬಿಳಿ ಪಂಚೆಯನ್ನು ಎತ್ತಿ ಕಟ್ಟಿದ.

ತೆರೇಜಮ್ಮ ಹುಳುಮನೆಯ ಹೊಸ್ತಿಲ ಹೊರಗೆ ನೆಲದ ಮೇಲೆ ಕೂತಿದ್ದಳು. ಬಲಗಾಲಿಗೆ ಒಂದು ಹಳೇ ಬಟ್ಟೆ ಸುತ್ತಿತ್ತು, ಅದರ ತುಂಬ ತೋಟದ ಮಣ್ಣು. ಬಗ್ಗಿ ಕಾಲು ತೊಳೆಯಲು ಆಗದು, ಲೂರ್ದಮ್ಮನಿಗೂ ಕಾಲು ಮುಟ್ಟಗೊಟ್ಟಿರಲಿಲ್ಲ. ತೊಳೆಯದೆ ಒಳಗೆ ಹೋಗಲು ಮನಸ್ಸು ಬಾರದು. ಹಾಗಾಗಿ ತನ್ನ ಹುಳು ಹಾಳಾಗುವುದನ್ನು ಬಾಗಿಲಿನಿಂದಲೇ ನೋಡುತ್ತಿದ್ದಳು. ನಿಯಮ ಎಂದರೆ ಅವಳಿಗೆ ಅಷ್ಟು ನಿಯಮ. ಇನ್ನಾಸಪ್ಪನ ನೆರಳು ಬಿದ್ದದ್ದೇ ತಲೆಯೆತ್ತಿದಳು. ಆರು ವರ್ಷದ ಮೇಲೆ ಅವಳು ಅವನಿಗೆ ಹೇಳಿದ ಮೊದಲ ಮಾತು ಇದು:

"ಏನದು ಸೋಪಿನ ಗಮಲು? ಹುಳಕ್ಕೆ ಆಗಲ್ಲ ಅಂತ ಗೊತ್ತಿಲ್ವಾ? ತೊಳ್ಕೊ ಮೊದಲು."

ಇನ್ನಾಸಪ್ಪ ಬೋಗುಣಿಯೊಳಗೆ ಇಳಿದ. ಐದು ದಿನದ ಎಣ್ಣೆ, ಗಂಧ ಎಲ್ಲ ಬ್ಲೀಚಿಂಗ್ ನೀರಿಗೆ ಹೋಯಿತು. ಬಿರುಕುಗಳು ಉರಿದವು. ಆಮೇಲೆ ಹೊಸ ನೀರು ತುಂಬಿಸಿಕೊಂಡು ಬಂದು, ಅವಳ ಎದುರಿಗೆ ಮಂಡಿಯೂರಿ ಕೂತು, ಅವಳ ಕಾಲಿಗೆ ಕೈ ಹಾಕಿದ.

"ಬ್ಯಾಡ, ಬಿಡು" ಎಂದು ಅವಳು ಕಾಲು ಎಳೆದುಕೊಳ್ಳಲು ನೋಡಿದಳು. ನೋವಿಗೆ ಆಗಲಿಲ್ಲ.

ಅವನು ಬಟ್ಟೆ ಬಿಚ್ಚಿದ. ಪಾದ ಊದಿಕೊಂಡು ಕಂದಿತ್ತು. ಚೆಂಬಿನಿಂದ ಸ್ವಲ್ಪ ಸ್ವಲ್ಪವೇ ನೀರು ಹಾಕುತ್ತಾ ಬೆರಳ ಸಂದಿಯ ಮಣ್ಣನ್ನು ಬಿಡಿಸಿದ. ಈ ಕಾಲೇ ಅಲ್ಲವೇ ತನ್ನನ್ನು ಸ್ಕೂಲಿನ ತನಕ ಬಿಟ್ಟು ಬರುತ್ತಿದ್ದದ್ದು ಎನ್ನಿಸಿತು.

"ಅತ್ತಿಗೆ, ಅವತ್ತು ನಾನು ಕಾಲು ತೊಳೆದಿರಲಿಲ್ಲ."

ಹಿಮ್ಮಡಿಗೆ ಇನ್ನೊಂದಿಷ್ಟು ನೀರು ಹಾಕಿದ.

"ದೇವರ ಮೇಲೆ ಸುಳ್ಳಾಣೆ ಇಟ್ಟೆ. ನಿನ್ನ ಬೆಳೆ ಕೆಡಿಸಿದವನು ನಾನೇ."

"ಗೊತ್ತಿತ್ತು" ಎಂದಳು ತೆರೇಜಮ್ಮ. "ನೀನು ಹೋದ್ಮೇಲೆ ಬೋಗುಣಿ ನೋಡಿದ್ದೆ. ನೀರು ಕದಡಿರಲೇ ಇಲ್ಲ."

"ಮತ್ತೆ ಎಲ್ಲರ ಮುಂದೆ ಯಾಕೆ ಹೇಳಲಿಲ್ಲ?"

"ನೀನು ಆಣೆ ಇಟ್ಟ ಮೇಲೆ ನಾನು ಬಾಯಿ ಬಿಟ್ರೆ ಊರಿಗೆಲ್ಲಾ ನೀನು ಸುಳ್ಳುಗಾರ ಆಗ್ತಿದ್ದೆ. ಹುಳು ಹೋಗಿದ್ದನ್ನ ನಾನು ಸಹಿಸ್ಕೋಬೋದಿತ್ತು. ನೀನು ಬಂದು ಹೇಳ್ತೀಯ ಅಂತ ಕಾದೆ. ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತ." ಅವಳ ದನಿ ಒಡೆಯಿತು. ತಕ್ಷಣ ಅದನ್ನು ನುಂಗಿಕೊಂಡು, "ಅಳೋದು ಆಮೇಲೆ. ನನ್ನ ಒಳಗೆ ಸೇರಿಸು, ಹುಳು ಹರಿದಾಡ್ತಿವೆ" ಎಂದಳು.

ಅವನು ಟವೆಲ್ಲಿನಿಂದ ಪಾದ ಒರೆಸಿ, ಅವಳನ್ನು ತೋಳಿನಲ್ಲಿ ಎತ್ತಿ ಒಳಗೆ ತಂದು ತಟ್ಟೆಗಳ ಪಕ್ಕ ಕೂರಿಸಿದ.

ಲೂರ್ದಮ್ಮನೂ ಕಾಲು ತೊಳೆದು ಒಳಗೆ ಬಂದಳು; ಮೂವರೂ ಆರಿಸತೊಡಗಿದರು. ಹುಳು ಮೆತ್ತಗಿನ ಜೀವ. ಹಿಡಿತ ಜಾಸ್ತಿಯಾದರೆ ನೋಯುತ್ತದೆ, ಕಮ್ಮಿಯಾದರೆ ಜಾರುತ್ತದೆ. ಅತ್ತಿಗೆಯ ಬೆರಳು ಮಗ್ಗದ ಲಾಳಿಯ ಹಾಗೆ ಓಡುತ್ತಿತ್ತು. ಪೂಜೆಯ ಮೊದಲ ಗಂಟೆ ಹೊಡೆಯಿತು. ಇನ್ನಾಸಪ್ಪನ ಕೈ ನಿಂತಿತು.

"ನೀನು ಹೋಗು" ಎಂದಳು ತೆರೇಜಮ್ಮ. "ಇಷ್ಟು ಮಾಡಿದ್ದೇ ಸಾಕು. ನಿನ್ನ ಕುರ್ಚಿ ಕಾಯ್ತದೆ."

ಅವನು ತಟ್ಟೆಗಳ ಕಡೆ ನೋಡಿದ. ಹದಿನಾಲ್ಕು ಬಾಕಿ ಇದ್ದವು. "ಲೂರ್ದು, ನೀನು ಓಡಿಹೋಗಿ ಫಾದರ್‌ಗೆ ಹೇಳಿ ಬಾ, ನಾನು ಬರಲ್ಲ ಅಂತ."

"ಏನು ಕಾರಣ ಹೇಳಲಿ? ಜ್ವರ ಅನ್ನಲಾ?"

"ಬ್ಯಾಡ" ಎಂದ ಇನ್ನಾಸಪ್ಪ. ಸುಳ್ಳಿನ ರುಚಿ ಅವನಿಗೆ ಸಾಕಾಗಿತ್ತು. "ಇದ್ದದ್ದನ್ನ ಹೇಳು. ಅತ್ತಿಗೆ ಹುಳು ಹಣ್ಣಾಗಿದೆ, ಆರಿಸೋಕೆ ಜನ ಇಲ್ಲ, ಒಂದು ಕಾಲದಲ್ಲಿ ಅವಳ ಬೆಳೆ ಕೆಡಿಸಿದವನು ನಾನೇ, ಹಾಗಾಗಿ ಇವತ್ತು ಇಲ್ಲಿದೀನಿ ಅಂತ ಹೇಳು."

ಲೂರ್ದಮ್ಮ ಅವನ ಮುಖವನ್ನು ಹೊಸದಾಗಿ ನೋಡಿದವಳಂತೆ ನೋಡಿ ಹೋದಳು. ಹೇಳಿ, ಹತ್ತು ನಿಮಿಷದಲ್ಲಿ ತಿರುಗಿ ಬಂದು, ಕಾಲು ತೊಳೆದುಕೊಂಡು ಮತ್ತೆ ಹುಳುವಿಗೆ ಕೈ ಹಾಕಿದಳು.

ದೇವಾಲಯ ನಾಲ್ಕು ಮನೆಯಾಚೆ. ಮೈಕಿನಲ್ಲಿ ಎಲ್ಲ ಕೇಳಿಸುತ್ತಿತ್ತು. ಒಂದೊಂದೇ ಹೆಸರು ಕೂಗಿದರು. ರಾಯಪ್ಪ. ಅರುಳಪ್ಪ. ಹತ್ತನೆಯ ಹೆಸರಾಯಿತು. ಹನ್ನೊಂದನೆಯದರ ಜಾಗದಲ್ಲಿ ಮೈಕು ಸ್ವಲ್ಪ ಹೊತ್ತು ಸುಮ್ಮನಾಗಿ, ಹನ್ನೆರಡನೆಯ ಹೆಸರು ಕೂಗಿತು. ಇನ್ನಾಸಪ್ಪನಿಗೆ ದುಃಖವಾಗಲಿಲ್ಲ ಎಂದರೆ ಸುಳ್ಳು. ಕಣ್ಣು ತುಂಬಿ ಹುಳು ಮಸುಕಾಯಿತು. ತೋಳಿನಲ್ಲಿ ಒರೆಸಿಕೊಂಡು ಮುಂದಿನ ಹುಳು ಎತ್ತಿದ.

ಆರೂವರೆಯಾಯಿತು. ಬಲ್ಬು ಹಾಕಿದರು. ಇನ್ನೂ ಒಂಬತ್ತು ತಟ್ಟೆ ಬಾಕಿ. ಮೂಲೆಯ ತಟ್ಟೆಯಲ್ಲಿ ಕೆಲವು ಹುಳುಗಳು ಆಗಲೇ ಸೊಪ್ಪಿನ ಕಡ್ಡಿಗಳ ನಡುವೆ ನೂಲು ಎಳೆಯತೊಡಗಿದ್ದವು. "ಹೋಗಲಿ ಬಿಡು" ಎಂದಳು ತೆರೇಜಮ್ಮ ಮೆಲ್ಲಗೆ. "ಅರ್ಧ ಉಳೀತಲ್ಲ. ಅಷ್ಟು ಸಾಕು." ಆ ಮಾತು ಹೇಳುವಾಗಲೂ ಅವಳ ಕೈ ನಿಂತಿರಲಿಲ್ಲ.

ಆಗ ಹೊರಗೆ ಗಜಿಬಿಜಿ ಕೇಳಿಸಿತು. ಇನ್ನಾಸಪ್ಪ ಬಾಗಿಲಿಗೆ ಬಂದು ನೋಡಿದ. ಅಂಗಳದ ತುಂಬ ಬಿಳಿ ಪಂಚೆ. ಕುರ್ಚಿಯಲ್ಲಿ ಕೂತಿದ್ದ ಹನ್ನೊಂದು ಜನವೂ ಪೂಜೆ ಮುಗಿದದ್ದೇ ನೇರ ಇಲ್ಲಿಗೆ ಬಂದಿದ್ದರು. ಎಲ್ಲರಿಗಿಂತ ಮುಂದೆ ರಾಯಪ್ಪ ತೋಳು ಮಡಿಸಿಕೊಂಡು ಒಳಗೆ ನುಗ್ಗಲು ಹೊರಟಿದ್ದ.

"ನಿಲ್ಲೋ ಅಲ್ಲೇ!" ಒಳಗಿನಿಂದ ತೆರೇಜಮ್ಮನ ದನಿ. "ಕಾಲು!"

"ಅಕ್ಕಾ, ಈಗ ತಾನೇ ಫಾದರ್ ತೊಳೆದವ್ರೆ!"

"ಯಾರು ತೊಳೆದಿದ್ರೂ ಆಮೇಲೆ ಬೀದಿಲಿ ನಡ್ಕೊಂಡು ಬಂದ್ಯಾ ಇಲ್ವಾ? ನಮ್ಮ ಹುಳಕ್ಕೆ ನಮ್ಮ ನೀರೇ ಆಗ್ಬೇಕು."

ಅಂಗಳ ನಕ್ಕಿತು. ಸಾಲು ನಿಂತರು. ಒಬ್ಬೊಬ್ಬರೇ ಪಂಚೆ ಎತ್ತಿಕೊಂಡು ಬಗ್ಗಿ ಸರ್ಕಸ್ ಮಾಡುತ್ತಿದ್ದರೆ ಹೊತ್ತಾಗುತ್ತದೆ. ಹಾಗಾಗಿ ಇನ್ನಾಸಪ್ಪ ತಾನೇ ಹೊಸ್ತಿಲ ಹತ್ತಿರ ಕುಕ್ಕರುಗಾಲಿನಲ್ಲಿ ಕೂತ. ಚೆಂಬಿನಿಂದ ನೀರು ಹಾಕುವುದು, ಕೈಯಿಂದ ಉಜ್ಜುವುದು, ಹೆಗಲ ಮೇಲಿನ ಟವೆಲ್ಲಿನಲ್ಲಿ ಒರೆಸುವುದು, ಒಳಗೆ ಕಳಿಸುವುದು. ಮುಂದಿನವನು. ಮತ್ತೆ ಮುಂದಿನವನು. ಹುಳು ಕಾಯುತ್ತಿವೆ ಎನ್ನುವುದು ಬಿಟ್ಟರೆ ಅವನ ತಲೆಯಲ್ಲಿ ಬೇರೇನೂ ಇರಲಿಲ್ಲ. ತನ್ನ ಪಂಚೆ ಕೆಸರಾದದ್ದನ್ನೂ ನೋಡಲಿಲ್ಲ, ತಾನೇನು ಮಾಡುತ್ತಿದ್ದೇನೆ ಎಂಬುದನ್ನೂ ನೋಡಲಿಲ್ಲ.

ಸಾಲಿನ ಕೊನೆಯಲ್ಲಿ ಒಂದು ಜೊತೆ ಕಾಲು ಬಂದು ನಿಂತಿತು. ಮೇಲೆ ಬಿಳಿ ನಿಲುವಂಗಿ. ಇನ್ನಾಸಪ್ಪ ತಲೆಯೆತ್ತಿದ. ಫಾದರ್ ಎಲಿಯಾಸ್ ಚಪ್ಪಲಿ ಬಿಟ್ಟು, ಅಂಗಿಯನ್ನು ಮೊಣಕಾಲ ತನಕ ಎತ್ತಿ ಹಿಡಿದು ನಿಂತಿದ್ದರು.

"ರಾತ್ರಿಯ ಆರಾಧನೆಗೆ ದೇವಾಲಯದಲ್ಲಿ ಹೆಂಗಸರು ಕೂತಿದಾರೆ, ಇನ್ನಾಸಪ್ಪ. ನನಗೆ ಒಂದು ಗಂಟೆ ಬಿಡುವಿದೆ" ಎಂದರು.

ಇನ್ನಾಸಪ್ಪ ಚೆಂಬನ್ನು ಕೆಳಗಿಟ್ಟ. ಈಗ ಅವನಿಗೆ ಹೊಳೆಯಿತು, ತಾನು ಕೂತಿರುವುದು ಯಾರ ಜಾಗದಲ್ಲಿ ಎಂದು. "ಸ್ವಾಮಿ... ನಿಮ್ಮ ಕಾಲು... ನಾನು ತೊಳೆಯೋದಾ? ನಾನು ಎಂಥವನು ಅಂತ ಲೂರ್ದು ಹೇಳಲಿಲ್ವಾ?"

"ಹೇಳಿದಳು. ಅದಕ್ಕೇ ಬಂದೆ" ಎಂದರು ಫಾದರ್.

ಅವನು ಆದರೂ ಮುಟ್ಟಲಾರದೆ ಕೂತೇ ಇದ್ದ. ಆಗ ಒಳಗಿನಿಂದ ಅತ್ತಿಗೆ ಕೂಗಿದಳು. ಚಿಕ್ಕವನಿದ್ದಾಗ ಎಣ್ಣೆ ಹಚ್ಚಲು ಕರೆಯುತ್ತಿದ್ದ ಅದೇ ದನಿಯಲ್ಲಿ, ಆರು ವರ್ಷದಿಂದ ಅವನು ಕೇಳದಿದ್ದ ಹೆಸರಿನಲ್ಲಿ ಕೂಗಿದಳು:

"ಇನ್ನಾಸಿ, ಏನೋ ಅದು ತಡ? ತೊಳೆದು ಒಳಗೆ ಕರ್ಕೊಂಡು ಬಾರೋ. ನೀನೂ ಬಾ."

ಇನ್ನಾಸಪ್ಪ ಬಗ್ಗಿ ಫಾದರ್ ಕಾಲಿಗೆ ನೀರು ಹಾಕಿದ. ನೀರು ಎಷ್ಟು, ಕಣ್ಣೀರು ಎಷ್ಟು ಎಂದು ಅವನಿಗೂ ತಿಳಿಯಲಿಲ್ಲ. ಟವೆಲ್ಲಿನಲ್ಲಿ ಒರೆಸಿ ಅವರನ್ನು ಒಳಗೆ ಕಳಿಸಿ, ತಾನೂ ಇನ್ನೊಂದು ಸಲ ಕಾಲು ತೊಳೆದುಕೊಂಡು ಅತ್ತಿಗೆಯ ಪಕ್ಕ ಹೋಗಿ ಕೂತ. ಒಂದು ಗಂಟೆಯೊಳಗೆ ಅಷ್ಟೂ ಹುಳು ಚಂದ್ರಿಕೆ ಸೇರಿದವು.

ನೀತಿ: ಯೇಸು ಸ್ವಾಮಿ ಶಿಷ್ಯರ ಕಾಲು ತೊಳೆದ ಕಥೆ ಕೇಳುವಾಗ ನಾವೆಲ್ಲ ಕುರ್ಚಿಯ ಮೇಲೆ ಕೂತವರ ಜಾಗದಲ್ಲೇ ನಮ್ಮನ್ನು ನೋಡಿಕೊಳ್ಳುತ್ತೇವೆ. ಆತನ ಗುಣ ನಮ್ಮದಾಗಬೇಕಾದರೆ ಕುರ್ಚಿಯಿಂದ ಇಳಿದು ನೆಲಕ್ಕೆ ಬರಬೇಕು. ನಾವು ಯಾರನ್ನು ನೋಯಿಸಿದ್ದೇವೋ ಅವರ ಬಾಗಿಲಿಗೇ ಮೊದಲು ಹೋಗಿ, ನಿಜ ಹೇಳಿ, ಅವರ ಕೆಲಸಕ್ಕೆ ಬೆನ್ನು ಬಗ್ಗಿಸಬೇಕು. ಹಾಗೆ ಬಗ್ಗಿದವನಿಗೆ ತಾನು ಯಾರ ಹಾಗೆ ಕಾಣುತ್ತಿದ್ದೇನೆ ಎಂಬುದು ಆ ಹೊತ್ತಿಗೆ ಗೊತ್ತಾಗುವುದಿಲ್ಲ. ನೋಡಿದವರಿಗೆ ಗೊತ್ತಾಗುತ್ತದೆ.